ದೀರ್ಘಗೀತದ ದೂರ ಪಯಣ

ಮಂಗೋಲಿಯದ ದೀರ್ಘಗೀತಕ್ಕೆ ‘ಉರ್ತಿನ್ ದೂ’ ಎಂದು ಹೆಸರು. ಅದರಲ್ಲಿ ಒಂದೊಂದು ಅಕ್ಷರವೂ ಹುಲ್ಲುಗಾವಲಿನಂತೆ ಹಬ್ಬಿ ಹರಿಯುವುದು. ಮಾತು ಕಡಿಮೆ, ನಾದವೇ ಹೆಚ್ಚು.

ಉಲಾನ್‌ಬಾತರಿನಲ್ಲಿ, ಗುಡಾರದ ಮನೆಯಲ್ಲಿ ಬೆಳೆದ ಎಂಜಿಗೆ ಸಂಗೀತದ ಉಪಾಧ್ಯಾಯಿನಿಯಾಗುವ ಹಂಬಲವಿತ್ತು. ಜಾಸ್ ಸಂಗೀತದ ಮೋಹ ಆಕೆಯನ್ನು ಜರ್ಮನಿಯ ಮ್ಯೂನಿಕ್ ನಗರಕ್ಕೆ ಕರೆದೊಯ್ದಿತು. 2021ರಲ್ಲಿ ಹೊರಬಂದ ‘ಉರ್ಸ್‌ಗಲ್’ ಎಂಬ ಆಕೆಯ ಧ್ವನಿಸಂಪುಟದಲ್ಲಿ ದೀರ್ಘಗೀತಕ್ಕೆ ಜೊತೆಗೂಡುವ ಕುದುರೆತಲೆಯ ಪಿಟೀಲಿಲ್ಲ. ಅದರ ಎಡೆಯಲ್ಲಿ ಗಿಟಾರು, ಡಬಲ್ ಬೇಸ್. ಪಕ್ಕವಾದ್ಯ ಬದಲಾಯಿತು, ಬಹುಪಾಲು ಹಾಡುಗಳ ನುಡಿ ಮಾತ್ರ ತಾಯ್ನುಡಿಯಾಗಿಯೇ ಉಳಿಯಿತು. ಇಂಗ್ಲಿಷಿನಲ್ಲೇ ಹಾಡಿದ್ದರೆ ಕೇಳುಗರು ಹೆಚ್ಚುತ್ತಿದ್ದರೇನೋ! ಭಾಷೆಯರಿಯದವರ ಮುಂದೆ ಹಾಡುವಾಕೆಗೆ ಆಸರೆ ಯಾವುದು? ಹಿರಿಯರ ಆ ದೀರ್ಘಗೀತವೇ. ಮಾತು ಮುಗಿದಲ್ಲಿಯೂ ಉಸಿರಿನಿಂದಲೇ ಭಾವವನ್ನು ದಾಟಿಸುವ ವಿದ್ಯೆ ಅದರದು.