ಎಕ್ಸ್‌ಟ್ರಾ ಕೆಲಸಕ್ಕೊಂದು ಚೀಟಿ

ಕೆಂಗೇರಿ ಹತ್ರ ನನ್ನ ತಮ್ಮ ಮನೆ ಕಟ್ಟಿಸ್ತಿದ್ದಾನೆ. ಸಂಪು 10 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಆಳ ಅಂತ ಮಾತಾಗಿತ್ತು. ಅಗೆಯೋವಾಗ ತಮ್ಮ, "ಮೇಸ್ತ್ರಿ, ಇನ್ನೆರಡು ಅಡಿ ಇಳಿಸ್ಬಿಡಿ" ಅಂದ. ಸುಮಾರು 3,400 ಲೀಟರ್ ನೀರು ಜಾಸ್ತಿ ಹಿಡಿಯುತ್ತೆ, ನಿಜ. ಜೊತೆಗೆ ಮಣ್ಣು ಸಾಗಿಸೋದು, ಗೋಡೆ, ಕಂಬಿ, ಪ್ಲಾಸ್ಟರಿಂಗ್ ಕೂಡ ಜಾಸ್ತಿ.

ಪುಕ್ಕಟೆ ಅಂದುಕೊಳ್ಳದೆ ಮಾಡಿಕೊಟ್ಟ ಕೆಲಸದ ಲಾಭ ಪಡೆದವರು ಅದಕ್ಕೆ ಪರಿಹಾರ ಕೊಡಬೇಕು ಅಂತ 1872ರ ಕರಾರು ಕಾಯ್ದೆಯ 70ನೇ ಸೆಕ್ಷನ್ ಹೇಳುತ್ತೆ. ಎಷ್ಟು ಅನ್ನೋದಕ್ಕೇ ಜಗಳ. ಅಷ್ಟರಲ್ಲಿ ಶನಿವಾರ ಬಂದಿರುತ್ತೆ, ಆಳುಗಳಿಗೆ ಬಟವಾಡೆ ಮಾಡಬೇಕಾದೋರು ಮೇಸ್ತ್ರಿ.

ಅದಕ್ಕೇ ಗುದ್ದಲಿ ಹಾಕೋ ಮೊದಲೇ ಚೀಟಿ ಬರೆಸಿದೆ: ಏನು ಬದಲು, ಎಷ್ಟು ದುಡ್ಡು, ಎಷ್ಟು ದಿನ, ಇಬ್ಬರ ಸಹಿ. ಕಟ್ಟಿಸ್ತಿರೋರು ಸೈಟಲ್ಲೇ ಒಂದು ನೋಟ್‌ಬುಕ್ ಇಟ್ಕೊಳ್ಳಿ.