ನೇತ್ರಾಣಿಯ ನೀರಿನಲ್ಲಿ ಎರಡು ಸಾಕ್ಷಿ

ಬ್ರಹ್ಮಾವರದಿಂದ ಬಡಗು ಮುಖವಾಗಿ ಹೊರಟ ಹೆದ್ದಾರಿ ಕಡಲಿನ ನೆರೆಯಲ್ಲೇ ಸಾಗುತ್ತದೆ. ಸಾಲಿಗ್ರಾಮ, ಕೋಟ, ತೆಕ್ಕಟ್ಟೆಗಳನ್ನು ಹಿಂದೆ ಹಾಕಿದರೆ ಕುಂದಾಪುರ. ಅಲ್ಲಿ ಐದು ನದಿಗಳು ಕೂಡಿ ಗಂಗೊಳ್ಳಿಯ ಅಳಿವೆಯಲ್ಲಿ ಸಮುದ್ರವನ್ನು ಸೇರುತ್ತವೆ. ಅಳಿವೆಯ ಬಾಯಲ್ಲಿ ಮರಳ ದಿಬ್ಬಗಳು ಇದ್ದಲ್ಲಿ ಇರುವುದಿಲ್ಲ. ನಿನ್ನೆಯ ದಾರಿ ಇಂದು ಮೋಸ ಮಾಡೀತು. ಆದುದರಿಂದ ದಡದ ಒಂದು ಗುರುತನ್ನು ಅದರ ಹಿಂದಿನ ಗುಡ್ಡದ ತಲೆಯೊಡನೆ ಕೂಡಿಸಿ ನೋಡಿ ದೋಣಿ ನಡೆಸುವುದು ಕರಾವಳಿಯ ಹಳೆಯ ಪದ್ಧತಿ. ಒಂದೇ ಗುರುತು ದಿಕ್ಕನ್ನು ಮಾತ್ರ ಹೇಳುತ್ತದೆ. ಎರಡು ಒಂದೇ ಗೆರೆಯಲ್ಲಿ ನಿಂತಾಗ ದಾರಿ ತೆರೆಯುತ್ತದೆ. ಇಂದು ದೋಣಿಗಳಲ್ಲಿ ಉಪಗ್ರಹವನ್ನು ನೋಡಿ ದಾರಿ ತೋರುವ ಯಂತ್ರಗಳು ಬಂದಿವೆ. ಆದರೂ ಅನುಭವಿಯ ಕಣ್ಣು ಗುಡ್ಡದ ಕಡೆಗೊಮ್ಮೆ ಹೊರಳದೆ ಇರದು.

ಈ ಹಳೆಯ ವಿವೇಕಕ್ಕೆ ಹೊಸದೊಂದು ಕೆಲಸ ದೊರೆತಿರುವುದು ಇದೇ ದಾರಿಯ ಮುಂದಿನ ತುದಿಯಲ್ಲಿ. ಒಂದು ಕಡೆ ಸೌಪರ್ಣಿಕೆ, ಇನ್ನೊಂದು ಕಡೆ ಅರಬ್ಬೀ ಸಮುದ್ರ ಇರುವ ಮರವಂತೆಯನ್ನೂ, ಸೋಮೇಶ್ವರನ ಸನ್ನಿಧಿಯ ಬೈಂದೂರನ್ನೂ ದಾಟಿ, ಭಟ್ಕಳದ ಆಚೆಗೆ ಮುರುಡೇಶ್ವರವನ್ನು ತಲುಪಬೇಕು. ಅಲ್ಲಿಂದ ಸುಮಾರು 19 ಕಿಲೋಮೀಟರು ದೂರದ ಕಡಲಲ್ಲಿ ನೇತ್ರಾಣಿ ದ್ವೀಪವಿದೆ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡವರು ಇಲ್ಲಿ ಮುಳುಗುತ್ತಾರೆ. ಬಂಡೆಗಳ ಸಂದಿನಲ್ಲಿ ಹವಳ, ಬಣ್ಣಬಣ್ಣದ ಮೀನು, ಅದೃಷ್ಟವಿದ್ದರೆ ಕಡಲಾಮೆ.

ಈ ಸೊಬಗಿನ ನಡುವೆ ಮುಳುಗುಗಾರನು ಮರೆಯಬಾರದ ಲೆಕ್ಕವೊಂದಿದೆ. ನೀರಿನೊಳಗೆ ಪ್ರತಿ 10 ಮೀಟರು ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 20 ಮೀಟರಿನಲ್ಲಿ ಒತ್ತಡ ಮೇಲಿನದಕ್ಕಿಂತ ಮೂರು ಪಟ್ಟು. ಒಂದೊಂದು ಉಸಿರಿಗೂ ಮೂರು ಪಟ್ಟು ಗಾಳಿ ವೆಚ್ಚ. 11 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡಕ್ಕೆ ತುಂಬಿದ ಗಾಳಿ ಸುಮಾರು 2200 ಲೀಟರು. ನಿಮಿಷಕ್ಕೆ 20 ಲೀಟರಿನಂತೆ ದಡದಲ್ಲಿ 110 ನಿಮಿಷ ಬರಬಹುದಾದ ಈ ಗಾಳಿ, 20 ಮೀಟರಿನಲ್ಲಿ 37 ನಿಮಿಷವೂ ಬಾರದು. ಅದರಲ್ಲಿಯೂ ಕೊನೆಯ 50 ಬಾರನ್ನು ಆಪತ್ತಿಗೆಂದು ಮೀಸಲಿಡಬೇಕು.

ಇಂದಿನ ಮುಳುಗುಗಾರರಲ್ಲಿ ಅನೇಕರಿಗೆ ಈ ಲೆಕ್ಕವನ್ನು ಮಣಿಕಟ್ಟಿನ ಕಂಪ್ಯೂಟರೇ ಮಾಡಿಕೊಡುತ್ತದೆ. ಉಸಿರುಯಂತ್ರಕ್ಕೆ ಬಿಗಿದ ಪುಟ್ಟ ಟ್ರಾನ್ಸ್‌ಮಿಟರ್ ಸಿಲಿಂಡರಿನ ಒತ್ತಡವನ್ನು ರೇಡಿಯೋ ಅಲೆಗಳ ಮೂಲಕ ಅದಕ್ಕೆ ತಿಳಿಸುತ್ತದೆ. ಆಳ, ಕಾಲ, ಉಳಿದ ಗಾಳಿ ಎಲ್ಲವೂ ಒಂದೇ ಗಾಜಿನಲ್ಲಿ! ಸೊಗಸಾದ ಸಾಧನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎಲ್ಲವನ್ನೂ ಒಂದೇ ಗಾಜು ಹೇಳುವಾಗ, ಅದು ಕುರುಡಾದರೆ ಎಲ್ಲವೂ ಒಮ್ಮೆಗೇ ಮರೆಯಾಗುತ್ತದೆ. ಬ್ಯಾಟರಿ ಮುಗಿಯಬಹುದು, ಒಳಗೆ ನೀರು ನುಗ್ಗಬಹುದು, ಟ್ರಾನ್ಸ್‌ಮಿಟರಿನ ಸಂಪರ್ಕ ತಪ್ಪಬಹುದು.

ಅಂಥ ಗಳಿಗೆಗೆ ಬೇಕಾದ ಎರಡನೆಯ ಸಾಕ್ಷಿ ಹಳೆಯ ಮುಳ್ಳಿನ ಒತ್ತಡಮಾಪಕ. ಫ್ರಾನ್ಸಿನ ಯೂಜೀನ್ ಬೂರ್ದೋನ್ 1849ರಲ್ಲಿ ಹಕ್ಕುಪತ್ರ ಪಡೆದ ಉಪಾಯವೇ ಇದರ ಪ್ರಾಣ. ಬಾಗಿದ ಲೋಹದ ಕೊಳವೆಯೊಳಗೆ ಒತ್ತಡ ಹೆಚ್ಚಿದಂತೆ ಕೊಳವೆ ನೆಟ್ಟಗಾಗಲು ಎಳಸುತ್ತದೆ. ಆ ಎಳೆತವೇ ಮುಳ್ಳನ್ನು ತಿರುಗಿಸುತ್ತದೆ. ಉಗಿಬಂಡಿಗಳ ಬಾಯ್ಲರನ್ನು ಕಾದದ್ದೂ ಇದೇ ತತ್ತ್ವ. ಇದಕ್ಕೆ ವಿದ್ಯುತ್ತು ಬೇಡ, ರೇಡಿಯೋ ಬೇಡ. ಆಳ ಮತ್ತು ಕಾಲಕ್ಕಾಗಿ ಇನ್ನೊಂದು ಆಳಮಾಪಕವೂ ಗಡಿಯಾರವೂ ಜೊತೆಗಿದ್ದರೆ ಸಾಕ್ಷಿ ಪೂರ್ಣವಾಯಿತು.

ಇದನ್ನು ಒಪ್ಪದವರೂ ಉಂಟು. ಇನ್ನೊಂದು ಕೊಳವೆಯೆಂದರೆ ಗಾಳಿ ಸೋರಲು ಇನ್ನೊಂದು ಜಾಗ. ಗಾಜು ಕಪ್ಪಾದರೆ ಮುಳುಗಾಟವನ್ನು ನಿಲ್ಲಿಸಿ ಮೇಲೆ ಬಂದರಾಯಿತು ಎಂಬುದು ಅವರ ವಾದ. ವಾದದಲ್ಲಿ ಹುರುಳಿದೆ. ಮೇಲೆ ಬರುವುದೇ ಸರಿ. ಆದರೆ ಹೇಗೆ ಬರುವುದು? ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರಬಾರದು. 5 ಮೀಟರಿನಲ್ಲಿ 3 ನಿಮಿಷ ತಂಗಬೇಕು. ಇಲ್ಲವಾದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಗಟ್ಟಿ ದೇಹವನ್ನು ಕಾಡೀತು. ಗಾಳಿಯೆಷ್ಟಿದೆಯೆಂದು ತಿಳಿಯದವನು ಹೆದರುತ್ತಾನೆ. ಹೆದರಿದವನು ವೇಗವಾಗಿ ಉಸಿರಾಡಿ ಇದ್ದ ಗಾಳಿಯನ್ನೂ ಕಳೆಯುತ್ತಾನೆ. ತಂಗಬೇಕಾದಲ್ಲಿ ತಂಗದೆ ಮೇಲಕ್ಕೆ ನುಗ್ಗುತ್ತಾನೆ. ಮುಳ್ಳು 90 ಬಾರ್ ತೋರುತ್ತಿದೆಯೆಂದು ಕಂಡವನಿಗೆ ಆ ಮೂರು ನಿಮಿಷ ನಿಲ್ಲುವ ಧೈರ್ಯವಿರುತ್ತದೆ.

ಆದರೆ ಹಳೆಯ ಮುಳ್ಳೂ ತಪ್ಪದ ದೇವರಲ್ಲ. ಅದೂ ಕೆಲವೊಮ್ಮೆ ಸಿಕ್ಕಿಕೊಳ್ಳುತ್ತದೆ. ಆದುದರಿಂದ ನೀರಿಗೆ ಇಳಿಯುವ ಮುನ್ನ ಎರಡನ್ನೂ ಹೋಲಿಸಬೇಕು. ನಾಲ್ಕು ಉಸಿರೆಳೆದು ಮುಳ್ಳನ್ನು ನೋಡಬೇಕು. ಉಸಿರಿನೊಡನೆ ಅದು ಕುಸಿದು ಮತ್ತೆ ಏರಿದರೆ ಸಿಲಿಂಡರಿನ ಕವಾಟ ಪೂರ್ತಿ ತೆರೆದಿಲ್ಲವೆಂದು ಅರ್ಥ. ನೀರಿನೊಳಗೆ ಎರಡರ ಮಾತು ಬೇರೆಯಾದರೆ ಕಡಿಮೆ ಹೇಳುವುದನ್ನು ನಂಬಿ ಹಿಂದಿರುಗಬೇಕು. ಮೊದಲ ಬಾರಿಗೆ ಮುಳುಗುವವರ ಗಾಳಿಯ ಲೆಕ್ಕವನ್ನು ಕೈಹಿಡಿದ ಶಿಕ್ಷಕನೇ ನೋಡಿಕೊಳ್ಳುತ್ತಾನೆ. ಆದರೂ ಮಕ್ಕಳನ್ನು ಕಳುಹುವ ಹಿರಿಯರು ಆತನ ಬಳಿ ಎರಡನೆಯ ಮಾಪಕ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ.

ಸಂಜೆ ಪ್ರವಾಸಿಗಳು ಅದೇ ದಾರಿಯಲ್ಲಿ ಹಿಂದಿರುಗುವಾಗ ಗಂಗೊಳ್ಳಿಯ ಅಳಿವೆಯಲ್ಲಿ ದೋಣಿಗಳು ಒಳಬರುತ್ತಿರುತ್ತವೆ. ದಡದ ಗುರುತು ಒಂದು, ಹಿಂದಿನ ಗುಡ್ಡ ಇನ್ನೊಂದು. ಎರಡೂ ಒಂದೇ ಗೆರೆಗೆ ಬಂದಾಗ ಚುಕ್ಕಾಣಿ ಹೊರಳುತ್ತದೆ; ದೋಣಿ ಮನೆಯ ಕಡೆಗೆ ಮುಖಮಾಡುತ್ತದೆ.