ಹಲಸಿನ ಮರದಡಿಯ ಮೆಟಡೋರ್

ಆಗುಂಬೆ ಘಾಟಿಯನ್ನು ನಾನು ಎಷ್ಟು ಸಲ ಇಳಿದಿದ್ದೇನೋ ಲೆಕ್ಕವಿಲ್ಲ. ಇಳಿದದ್ದೆಲ್ಲ ಮಿನಿ ಬಸ್ಸಿನಲ್ಲಿ, ಶಾಲಾ ಪ್ರವಾಸದ ಮಕ್ಕಳ ಜೊತೆ. ಕಿಟಕಿಯಿಂದ ತಲೆ ಹೊರಹಾಕಿ ವಾಂತಿ ಮಾಡುವವರ ಬೆನ್ನು ಸವರುವಷ್ಟರಲ್ಲಿ ಹದಿನಾಲ್ಕು ತಿರುವುಗಳೂ ಮುಗಿದು ಸೋಮೇಶ್ವರ ಬಂದಿರುತ್ತಿತ್ತು. 2024ರ ದಸರಾ ರಜೆಯಲ್ಲಿ ಮೊದಲ ಬಾರಿಗೆ ಸ್ವತಃ ಸ್ಟಿಯರಿಂಗ್ ಹಿಡಿದು ಇಳಿದೆ. ಅದೂ 1991ರ ಮೆಟಡೋರ್ ವ್ಯಾನಿನಲ್ಲಿ. ಹಿಂದಿನ ಸೀಟಿನಲ್ಲಿ ಅತ್ತಿಗೆ, ನನ್ನ ಹೆಂಡತಿ. ಅವರ ಕಾಲಬುಡದಲ್ಲಿ ಒಂದು ಸಣ್ಣ ಗ್ಯಾಸ್ ಒಲೆ, ಅಕ್ಕಿ, ಉಪ್ಪಿನಕಾಯಿ ಭರಣಿ, ಎರಡು ಹಾಸಿಗೆ ಸುರುಳಿ.

ಈ ವ್ಯಾನು ನನ್ನ ಅಣ್ಣನದು. ತೀರ್ಥಹಳ್ಳಿಯ ಸುತ್ತಮುತ್ತ ಇಪ್ಪತ್ತು ವರ್ಷ ಬಾಡಿಗೆಗೆ ಓಡಿದ್ದು. ಮದುವೆ ದಿಬ್ಬಣ, ಧರ್ಮಸ್ಥಳ, ಕೊಲ್ಲೂರು, ಹೊರನಾಡು, ಬಸುರಿಯರು, ಶಾಲೆಯ ಮಕ್ಕಳು ಎಲ್ಲರನ್ನೂ ಹೊತ್ತಿದೆ. 2011ರಲ್ಲಿ ಅಣ್ಣ ತೀರಿಕೊಂಡ. ವ್ಯಾನು ಅಂಗಳದಾಚೆಯ ಹಲಸಿನ ಮರದಡಿ ನಿಂತಿತು. ಗುಜರಿಯವರು ಎರಡು ಸಲ ಬಂದು ಕಿಲೋ ಲೆಕ್ಕದಲ್ಲಿ ಬೆಲೆ ಹೇಳಿದರು. ಬೆಂಗಳೂರಿನಲ್ಲಿರುವ ಅಣ್ಣನ ಮಗನೂ ಕೊಟ್ಟುಬಿಡಿ ಎಂದ. ಅತ್ತಿಗೆ ಮಾತ್ರ “ನಿಂತಿರಲಿ” ಎಂದರು. ಹನ್ನೊಂದು ಮಳೆಗಾಲ ಅದು ಹಾಗೇ ನಿಂತಿತು. ನಮ್ಮ ಕಡೆಯ ಮಳೆ ಎಂಥದ್ದೆಂದು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ.

ನನಗೆ ಆಸೆ ಹುಟ್ಟಿಸಿದ್ದು ವಿದೇಶೀ ಪ್ರವಾಸಿಗರು. ಗೋಕರ್ಣದ ದಾರಿಯಲ್ಲಿ ಒಮ್ಮೆ ಗಂಡ ಹೆಂಡತಿ ಇಬ್ಬರು ಹಳೆಯ ಫೋಕ್ಸ್‌ವ್ಯಾಗನ್ ವ್ಯಾನಿನಲ್ಲೇ ಅಡುಗೆ ಮಾಡಿಕೊಂಡು, ಅದರಲ್ಲೇ ಮಲಗಿ ತಿರುಗುತ್ತಿದ್ದರು. ಆ ವ್ಯಾನಿನ ಕಥೆ ದೊಡ್ಡದು. 1947ರಲ್ಲಿ ಬೆನ್ ಪಾನ್ ಎಂಬ ಡಚ್ ವ್ಯಾಪಾರಿ ಪುಸ್ತಕದ ಹಾಳೆಯಲ್ಲಿ ಗೀಚಿದ ಒಂದು ಪೆಟ್ಟಿಗೆಯಂಥ ಚಿತ್ರದಿಂದ ಅದು ಶುರುವಾಯಿತು. 1950ರಲ್ಲಿ ಜರ್ಮನಿಯಲ್ಲಿ ತಯಾರಿಕೆ ಆರಂಭವಾಯಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಕಂಪನಿ ಅದರೊಳಗೆ ಇಡುವಂಥ ಮಂಚ, ಬೀರು ಮಾಡಿಕೊಡತೊಡಗಿತು. ನಮ್ಮ ಮೆಟಡೋರ್ ಇದಕ್ಕೆ ದಾಯಾದಿ ಎಂದು ಆಮೇಲೆ ತಿಳಿಯಿತು. ಟೆಂಪೋ ಎಂಬುದು ಹ್ಯಾಂಬರ್ಗಿನ ಕಂಪನಿಯಾಗಿತ್ತು. 1949ರಲ್ಲಿ ಅದು ಹೊರತಂದ ಮೊದಲ ಮೆಟಡೋರಿಗೆ ಹಾಕಿದ್ದು ಫೋಕ್ಸ್‌ವ್ಯಾಗನ್ ಎಂಜಿನ್ನೇ. 1958ರಲ್ಲಿ ಬಜಾಜ್ ಟೆಂಪೋ ಹುಟ್ಟಿ, ಮುಂದೆ ಅದೇ ಹೆಸರಿನ ವ್ಯಾನು ನಮ್ಮ ರಸ್ತೆಗೂ ಬಂತು. ಆ ಕಂಪನಿಯ ಹೆಸರು 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದಾಯಿತು. ಮೆಟಡೋರ್ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಗೂಳಿ ಕಾಳಗದ ವೀರನಂತೆ. ನಮ್ಮೂರಲ್ಲಿ ಯಾವ ವ್ಯಾನಾದರೂ ಮೆಟಡೋರೇ.

2022ರ ಬೇಸಿಗೆ ರಜೆಯಲ್ಲಿ ಕೆಲಸ ಹಿಡಿದೆ. ಎರಡು ತಿಂಗಳಲ್ಲಿ ಮುಗಿಸುತ್ತೇನೆಂದು ಮನೆಯಲ್ಲಿ ಜಂಬ ಕೊಚ್ಚಿದ್ದೆ. ಹಿಡಿದದ್ದು ಎರಡೂವರೆ ವರ್ಷ.

ಮೂವತ್ತು ವರ್ಷದಿಂದ ತುಕ್ಕಿನ ಪಾಠ ಮಾಡುತ್ತಿದ್ದೇನೆ. ಮೂರು ಪ್ರನಾಳ, ಮೂರು ಮೊಳೆ. ಒಂದರಲ್ಲಿ ನೀರೂ ಗಾಳಿಯೂ. ಇನ್ನೊಂದರಲ್ಲಿ ಕುದಿಸಿದ ನೀರು, ಮೇಲೆ ಎಣ್ಣೆ. ಮೂರನೆಯದರಲ್ಲಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡು. ಮೊದಲನೆಯದು ಮಾತ್ರ ತುಕ್ಕು ಹಿಡಿಯುತ್ತದೆ, ಬರೆದುಕೊಳ್ಳಿ. ಆದರೆ ಗೋಣಿಚೀಲ ಹಾಸಿ ವ್ಯಾನಿನಡಿ ಅಂಗಾತ ಮಲಗಿ, ಬೆರಳಿಂದ ಒತ್ತಿದರೆ ತಗಡು ಹಪ್ಪಳದಂತೆ ಮುರಿದು ಕಣ್ಣಿಗೆ ಉದುರಿದಾಗಲೇ ಪಾಠ ನನಗೆ ಹತ್ತಿದ್ದು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಆದ್ದರಿಂದ ಬಣ್ಣದ ಕೆಳಗೆ ಬೊಬ್ಬೆ ಏಳುತ್ತದೆ. ಹೊರಗೆ ಎಂಟಾಣೆ ಅಗಲದ ಬೊಬ್ಬೆ ಕಂಡರೆ ಒಳಗೆ ಅಂಗೈಯಗಲ ಹೋಗಿರುತ್ತದೆ. ಬಾಗಿಲುಗಳ ಕೆಳತುದಿಯಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಹಲಸಿನ ಎಲೆ ಕೊಳೆತು ಅವು ಮುಚ್ಚಿಹೋಗಿದ್ದವು. ನಾಲ್ಕು ಬಾಗಿಲ ತೂತುಗಳನ್ನು ವರ್ಷಕ್ಕೊಮ್ಮೆ ಹಿಡಿಕಡ್ಡಿಯಿಂದ ಚುಚ್ಚಿದ್ದರೆ ಅರ್ಧ ಖರ್ಚು ಉಳಿಯುತ್ತಿತ್ತು.

ಗುರು ಸಿಕ್ಕಿದ್ದು ನನ್ನ ಹಳೆಯ ಶಿಷ್ಯ. ಎಸ್ಸೆಸ್ಸೆಲ್ಸಿಯಲ್ಲಿ ನನ್ನ ವಿಷಯದಲ್ಲೇ ನಪಾಸಾದವನು. ಈಗ ಪೇಟೆಯಲ್ಲಿ ಸ್ವಂತ ಗ್ಯಾರೇಜು. ಭಾನುವಾರ ಭಾನುವಾರ ಬಂದು ಕೊಳೆತ ತಗಡು ಕತ್ತರಿಸಿ, ಹೊಸದನ್ನು ಬೆಸುಗೆ ಹಾಕಿಕೊಟ್ಟ. ಉಪ್ಪು ಕಾಗದ ಉಜ್ಜಿ, ರೆಡ್ ಆಕ್ಸೈಡ್ ಬಳಿಯುವುದು ನನ್ನ ಪಾಲು. ಎಂಜಿನ್ ಜಾಮ್ ಆಗಿತ್ತು. ನಾಜಲ್ ಬಿಚ್ಚಿ ಸಿಲಿಂಡರುಗಳಿಗೆ ಎಣ್ಣೆ ಸುರಿದು ವಾರ ಬಿಡಬೇಕೆಂದ. ನನಗೋ ಅವಸರ, ಮೂರನೇ ದಿನವೇ ದೊಡ್ಡ ಸ್ಪ್ಯಾನರ್ ಹಾಕಿ ಎಳೆದೆ. “ಸಾರ್, ಬಲ ಹಾಕ್ಬೇಡಿ. ಅದಕ್ಕೆ ಮನಸಾದ್ಮೇಲೆ ತಿರುಗತ್ತೆ” ಎಂದು ಕೈಯಿಂದ ಸ್ಪ್ಯಾನರ್ ಕಸಿದುಕೊಂಡ. ಹತ್ತನೇ ದಿನ ಅದು ನಿಜಕ್ಕೂ ತಿರುಗಿತು. ಅವನು ಹತ್ತನೇ ತರಗತಿಯಲ್ಲಿದ್ದಾಗ ಇಷ್ಟು ಸಾವಧಾನ ನಾನು ತೋರಿಸಿದ್ದು ನೆನಪಿಗೆ ಬರಲಿಲ್ಲ. ನೆನಪಾದದ್ದು ಬೆತ್ತ.

ಎಂಜಿನ್ನು ಡೈಮ್ಲರ್-ಬೆಂಝ್ ಪರವಾನಗಿಯಲ್ಲಿ ತಯಾರಾದ ಓಎಂ 616. ಟ್ರ್ಯಾಕ್ಸ್ ಗಾಡಿಗಳಿಗೂ ಅದೇ ಇದ್ದುದರಿಂದ ಬಿಡಿಭಾಗಕ್ಕೆ ಪರದಾಡಲಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ದಿನ ಅಲೆದರೆ ಸಾಕಾಯಿತು. ಎಲ್ಲೂ ಸಿಗದ್ದೆಂದರೆ ಕಿಟಕಿ, ಬಾಗಿಲಿನ ರಬ್ಬರು. ಬೇರಾವುದೋ ಗಾಡಿಯದನ್ನು ಕತ್ತರಿಸಿ ಅಂಟಿಸಿದೆವು.

ಡ್ಯಾಶ್‌ಬೋರ್ಡಿನ ಖಾನೆ ಶುಚಿ ಮಾಡುವಾಗ ಇಲಿ ಅಂಚು ಕಡಿದ ಒಂದು ನೋಟು ಪುಸ್ತಕ ಸಿಕ್ಕಿತು. ಅಣ್ಣನ ಬಾಡಿಗೆ ಲೆಕ್ಕ. ಅವನು ಸಾಲ ಮಾಡಿ ವ್ಯಾನು ಕೊಂಡ ವರ್ಷವೇ ನಾನು ಮೈಸೂರಿನಲ್ಲಿ ಬಿ.ಎಡ್.ಗೆ ಸೇರಿದ್ದು. ಒಂದು ಪುಟದಲ್ಲಿ “ತಮ್ಮ ಮೈಸೂರು 900” ಎಂದಿತ್ತು. ಕೆಳಗೆ “ಬ್ಯಾಂಕ್ ಕಂತು ಮುಂದಿನ ತಿಂಗಳು.” ಅದರ ಮುಂದಿನ ತಿಂಗಳಲ್ಲೂ ಹಾಗೇ. ಆಗ ಅವನು ನನಗೆ ಬರೆದ ಕಾಗದದಲ್ಲಿ, ಈ ಸಲ ಅಡಿಕೆಗೆ ಒಳ್ಳೆಯ ಧಾರಣೆ ಬಂದಿದೆ, ಯೋಚನೆ ಮಾಡಬೇಡ ಎಂದಿತ್ತು. ಆ ದಿನ ಮತ್ತೆ ಕೆಲಸ ಮಾಡಲಾಗಲಿಲ್ಲ. ಪುಸ್ತಕ ಅತ್ತಿಗೆಗೆ ಕೊಟ್ಟೆ. ಅವರು ಓದದೆ ದೇವರ ಗೂಡಿನಲ್ಲಿಟ್ಟರು.

ಕಾಗದಪತ್ರದ ಕಥೆ ಚುಟುಕಾಗಿ ಹೇಳುತ್ತೇನೆ. ಬಾಡಿಗೆ ಗಾಡಿಯನ್ನು ಸ್ವಂತದ ಗಾಡಿಯಾಗಿ ಬದಲಿಸಿ, ನೋಂದಣಿ ನವೀಕರಿಸಿ, ಹಳದಿ ಫಲಕ ಬಿಳಿಯಾಗುವಷ್ಟರಲ್ಲಿ ಕಚೇರಿಗೆ ಹನ್ನೊಂದು ಸಲ ಹೋಗಿದ್ದೆ. ನೋಂದಣಿ ಪತ್ರದಲ್ಲಿರುವ ರೂಪವನ್ನು ಅಪ್ಪಣೆಯಿಲ್ಲದೆ ಬದಲಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಹಾಗಾಗಿ ಸೀಟು ಕಿತ್ತಿಲ್ಲ, ಬಾಡಿ ಕೊಯ್ದಿಲ್ಲ. ಎದುರುಬದುರಾದ ಎರಡು ಉದ್ದ ಸೀಟುಗಳ ನಡುವೆ ರಾತ್ರಿ ಹಲಗೆ ಹಾಸಿದರೆ ಅದೇ ಮಂಚ. ಹಗಲು ಹಲಗೆಗಳು ಸೀಟಿನಡಿ. ಮೆಟಡೋರಿನ ಎಂಜಿನ್ ಮುಂದಿನ ಚಕ್ರಗಳನ್ನೇ ತಿರುಗಿಸುವುದರಿಂದ ನೆಲದಡಿ ಉದ್ದದ ದಂಡ ಹಾಯುವುದಿಲ್ಲ. ನೆಲ ತಗ್ಗು, ಸಮತಟ್ಟು. ಮಂಡಿನೋವಿನ ಅತ್ತಿಗೆಗೆ ಹತ್ತಿಳಿಯಲು ಸಲೀಸು. ಇದಕ್ಕೊಂದು ತೊಡಕೂ ಇದೆ. ಏರಿನಲ್ಲಿ ಭಾರ ಹಿಂದಕ್ಕೆ ವಾಲಿ ಮುಂದಿನ ಚಕ್ರಗಳು ಹಿಡಿತ ತಪ್ಪುತ್ತವೆ. ಅಣ್ಣ ಒದ್ದೆ ರಸ್ತೆಯಲ್ಲಿ ದಿಬ್ಬಣದವರನ್ನು ಇಳಿಸಿ ನಡೆಸುತ್ತಿದ್ದ, ಬೈಸಿಕೊಳ್ಳುತ್ತಿದ್ದ ಕೂಡ.

ಹೊರಡುವ ದಿನ ಬೆಳಿಗ್ಗೆ ಅತ್ತಿಗೆ ಎರಡು ದೊಡ್ಡ ಕ್ಯಾನು ನೀರು ತಂದಿಟ್ಟರು. ಜೊತೆಗೊಂದು ತಾಮ್ರದ ತಂಬಿಗೆ. ಲೀಟರಿಗೆ ಒಂದು ಕೆಜಿ ಭಾರ, ದಾರಿಯುದ್ದಕ್ಕೂ ನೀರು ಸಿಗುತ್ತದೆ, ಯಾಕೆ ಎಂದು ಆಕ್ಷೇಪಿಸಿದೆ. “ಇರ್ಲಿ ಮೇಷ್ಟ್ರೇ” ಎಂದರು. ಮದುವೆಯಾಗಿ ಬಂದಾಗಿನಿಂದ ನನ್ನನ್ನು ಹೆಸರಿಡಿದು ಕರೆಯುತ್ತಿದ್ದವರು, ನನಗೆ ಕೆಲಸ ಸಿಕ್ಕಿದ ದಿನದಿಂದ ಮೇಷ್ಟ್ರೇ ಎನ್ನುತ್ತಾರೆ.

ಮೇಗರವಳ್ಳಿ ದಾಟುವವರೆಗೆ ಮಂಜು. ಆಗುಂಬೆಯಲ್ಲಿ ಕಾಫಿ. ‘ಮಾಲ್ಗುಡಿ ಡೇಸ್’ ಚಿತ್ರೀಕರಣವಾದ ದೊಡ್ಡಮನೆಯ ಎದುರು ಫೋಟೋ ತೆಗೆಸಿಕೊಳ್ಳುವವರ ಗುಂಪಿತ್ತು. ಸೂರ್ಯಾಸ್ತದ ಕಟ್ಟೆಯ ಬಳಿ ನಿಲ್ಲಿಸಿ ಮತ್ತೊಮ್ಮೆ ಬ್ರೇಕ್ ಒತ್ತಿ ನೋಡಿದೆ. ಹೆದರಿಕೆಗೆ ಕಾರಣವಿತ್ತು. ವ್ಯಾನು, ನಾವು, ಸಾಮಾನು ಎಲ್ಲ ಸೇರಿ ಎರಡು ಟನ್ ಎಂದಿಟ್ಟುಕೊಳ್ಳಿ. ಇಳಿಯಬೇಕಾದ ಎತ್ತರ ಸುಮಾರು 500 ಮೀಟರ್. ಗುಣಿಸಿದರೆ ಹತ್ತಿರಹತ್ತಿರ ಒಂದು ಕೋಟಿ ಜೂಲ್ ಶಕ್ತಿ. 30 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ. ಅದೆಲ್ಲ ಎಲ್ಲಿಗಾದರೂ ಹೋಗಬೇಕಲ್ಲ? ಬರೀ ಬ್ರೇಕ್ ತುಳಿಯುತ್ತಾ ಹೋದರೆ ಡ್ರಮ್ಮು ಕಾಯುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ದ್ರವ; ಹಳತಾದರೆ ಅದರೊಳಗಿನ ನೀರು ಆವಿಯಾಗಿ, ಪೆಡಲ್ ಒತ್ತಿದರೆ ಸೀದಾ ಕೆಳಗೆ ಹೋಗುತ್ತದೆ. ಅದಕ್ಕೇ ಆಯಿಲ್, ವೀಲ್ ಸಿಲಿಂಡರ್ ಎಲ್ಲ ಹೊಸದು ಹಾಕಿದ್ದೆವು. ಶಿಷ್ಯನ ಆಜ್ಞೆಯೂ ಇತ್ತು: “ಎರಡನೇ ಗೇರು ಸಾರ್. ಹಿಂದಿನವ್ರು ಹಾರನ್ ಹೊಡೀಲಿ, ಹೊಡ್ಕಳ್ಲಿ.”

ಎರಡನೇ ಗೇರಿನಲ್ಲೇ ಇಳಿದೆ. ಎಂಜಿನ್ ಗೊರಗೊರ ಎನ್ನುತ್ತಾ ಹಿಡಿದುಕೊಂಡಿತ್ತು. ಹಿಂದಿನವರು ಹೊಡೆದರು. ಕೆಲವು ತಿರುವು ಕಳೆದಿರಬಹುದು, ಅತ್ತಿಗೆ “ಸ್ವಲ್ಪ ನಿಲ್ಸಿ” ಎಂದರು. ಅಗಲ ಜಾಗ ನೋಡಿ ನಿಲ್ಲಿಸಿದೆ.

ಇಷ್ಟು ವರ್ಷ ಊರವರನ್ನೆಲ್ಲ ಈ ಘಾಟಿ ಇಳಿಸಿದ ವ್ಯಾನಿನಲ್ಲಿ ಅತ್ತಿಗೆ ಇಳಿದದ್ದು ಒಂದೇ ಸಲ, 2011ರಲ್ಲಿ. ಎದೆನೋವೆಂದ ಅಣ್ಣನನ್ನು ಸೀಟಿನ ಮೇಲೆ ಮಲಗಿಸಿಕೊಂಡು, ಪಕ್ಕದ ಮನೆಯ ಹುಡುಗನ ಕೈಯಲ್ಲಿ ಓಡಿಸಿಕೊಂಡು, ರಾತ್ರಿ ಮಣಿಪಾಲದ ಕಡೆಗೆ. ನಾನು ಆಗ ಪರೀಕ್ಷಾ ಮೌಲ್ಯಮಾಪನಕ್ಕೆಂದು ದೂರದ ಊರಿನಲ್ಲಿದ್ದೆ.

“ಇಲ್ಲೇ ಎಲ್ಲೋ ನೀರು ಕೇಳಿದ್ರು,” ಎಂದರು ಅತ್ತಿಗೆ. “ಗಡಿಬಿಡೀಲಿ ನೀರು ತಂದಿರ್ಲಿಲ್ಲ. ಹೆಬ್ರೀಲಿ ಕೊಡ್ತೀನಿ ಅಂದೆ.”

ಕ್ಯಾನಿನಿಂದ ತಂಬಿಗೆಗೆ ನೀರು ಬಗ್ಗಿಸಿಕೊಂಡು ಇಳಿದರು. ತಡೆಗೋಡೆಯ ಬುಡದ ಜರಿಗಿಡಗಳಿಗೆ ನಿಧಾನವಾಗಿ ಹೊಯ್ದರು. ಗೋಡೆಯ ಮೇಲೆ ಕೂತ ಕೋತಿಯೊಂದು ತಿನ್ನಲು ಏನಾದರೂ ಸಿಗುವುದೇನೋ ಎಂದು ನೋಡುತ್ತಿತ್ತು. ನನ್ನ ಹೆಂಡತಿ ಅವರ ಕೈ ಹಿಡಿದು ಹತ್ತಿಸಿದಳು. ಯಾರೂ ಮಾತಾಡಲಿಲ್ಲ. ಗೇರು ಹಾಕಿದೆ.

ಸೋಮೇಶ್ವರದಲ್ಲಿ ಇಳಿದು ಚಕ್ರದ ಬಳಿ ಕೈಯೊಡ್ಡಿದೆ. ಡ್ರಮ್ಮು ಬೆಚ್ಚಗಿತ್ತು, ಅಷ್ಟೇ. ಹೆಬ್ರಿಯಿಂದ ಬ್ರಹ್ಮಾವರಕ್ಕೆ ಬಂದು ಹೆದ್ದಾರಿ ಹಿಡಿದು, ಕುಂದಾಪುರ ದಾಟಿ ಮರವಂತೆ ಸೇರುವಾಗ ಸಂಜೆ. ಅಲ್ಲಿ ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ನಡುವೆ ಲಾರಿಗಳ ಭೋರ್ಗರೆತ. ಅಲ್ಲಿ ಮಲಗಲಾಗದು. ಪರಿಚಯದವರೊಬ್ಬರ ತೆಂಗಿನ ತೋಟದಲ್ಲಿ ವ್ಯಾನು ನಿಲ್ಲಿಸಿದೆವು. ಅನ್ನ, ತಿಳಿಸಾರು, ಹಪ್ಪಳ. ಅತ್ತಿಗೆ ಕಡಲಿಗಿಳಿದು ಮೊಣಕಾಲವರೆಗೆ ನೆನೆದು, ಬೆಳದಿಂಗಳಲ್ಲಿ ಬಹಳ ಹೊತ್ತು ನಿಂತಿದ್ದರು. ಹೆಂಗಸರಿಬ್ಬರೂ ಹಲಗೆ ಮಂಚದಲ್ಲಿ ಮಲಗಿದರು. ನಾನು ಮುಂದಿನ ಸೀಟಿನಲ್ಲಿ ಎಂಜಿನ್ ಪೆಟ್ಟಿಗೆಯ ಮೇಲೆ ಕಾಲು ಚಾಚಿಕೊಂಡೆ.

ನಡುರಾತ್ರಿ ಗುಡುಗು, ಮಳೆ. ಹಿಂದಿನ ಎಡ ಕಿಟಕಿಯ ಮೂಲೆಯಿಂದ ತೊಟ್ಟಿಕ್ಕತೊಡಗಿತು. ಎರಡೂವರೆ ವರ್ಷದ ಕೆಲಸಕ್ಕೆ ಮೊದಲ ಮಳೆಯಲ್ಲೇ ಮುಖಭಂಗ. ಟಾರ್ಚು ಹಿಡಿದು ಆ ದರಿದ್ರ ರಬ್ಬರನ್ನು ಒತ್ತುತ್ತಾ ಕೂತೆ.

“ಬಿಡಿ ಮೇಷ್ಟ್ರೇ,” ಎಂದರು ಅತ್ತಿಗೆ, ಮಲಗಿದಲ್ಲಿಂದಲೇ ತಂಬಿಗೆಯನ್ನು ಹನಿ ಬೀಳುವಲ್ಲಿಗೆ ಸರಿಸುತ್ತಾ. “ಅವರಿದ್ದಾಗ್ಲೂ ಅಲ್ಲೇ ಸೋರ್ತಿತ್ತು.”